ತಿದ್ದಿದ ಛಾಯಾಚಿತ್ರವೂ ವಿಮರ್ಶಕನ ಧರ್ಮವೂ

ಛಾಯಾಚಿತ್ರಾಸಕ್ತರು ನಾಲ್ವರು ಕೂಡಿದ ಕಡೆಯಲ್ಲಿ ಒಬ್ಬನು ತಾನು ಗಣಕಯಂತ್ರದಲ್ಲಿ ತಿದ್ದಿ ತಂದ ಚಿತ್ರವನ್ನು ತೆರೆಯ ಮೇಲೆ ತೋರಿಸಿದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಹೊರಡುವುವು. 'ಬಹಳ ಸೊಗಸಾಗಿದೆ' ಎಂಬುದು ಒಂದು. 'ಇದೆಲ್ಲ ಫೋಟೋಶಾಪಿನ ಕೆಲಸ' ಎಂಬುದು ಇನ್ನೊಂದು. ಮೊದಲನೆಯದು ಮೆಚ್ಚಿಕೆಯಂತೆಯೂ ಎರಡನೆಯದು ಖಂಡನೆಯಂತೆಯೂ ತೋರುವುದಾದರೂ ಇವೆರಡರಲ್ಲಿ ಒಂದೂ ವಿಮರ್ಶೆಯೆನಿಸಲಾರದು. ಸೊಗಸು ಯಾವ ಎಡೆಯಲ್ಲಿದೆಯೆಂದು ಮೊದಲನೆಯವನು ಹೇಳಲಿಲ್ಲ. ತಿದ್ದಿದುದರಿಂದ ಕೆಟ್ಟುದೇನೆಂದು ಎರಡನೆಯವನು ತೋರಿಸಲಿಲ್ಲ. ಚಿತ್ರವನ್ನು ತಂದವನು ಬಂದಂತೆಯೇ ಹಿಂದಿರುಗುವನು. ಇದರ ಮೇಲೆ, ಮದುವೆಮನೆಯಲ್ಲಿ ಮುಯ್ಯಿ ಮಾಡುವಂತೆ, ಇಂದು ಹೊಗಳಿದವನನ್ನು ನಾಳೆ ಹೊಗಳಿ ಋಣ ತೀರಿಸುವ ಪದ್ಧತಿಯೂ ಬೆಳೆದುಬಿಟ್ಟರೆ, ಹತ್ತು ವರ್ಷ ಚಿತ್ರ ತೆಗೆದವನೂ ಮೊದಲ ವರ್ಷದ ತಪ್ಪುಗಳನ್ನೇ ಅಚ್ಚುಕಟ್ಟಾಗಿ ಮಾಡುತ್ತಿರುವನು.

ಛಾಯಾಚಿತ್ರವನ್ನು ತಿದ್ದುವುದು ಗಣಕಯಂತ್ರದೊಡನೆ ಹುಟ್ಟಿದ ಚಾಳಿಯೆಂದು ಬಗೆಯುವವರು ಈ ಕಲೆಯ ಚರಿತ್ರೆಯನ್ನು ಅರಿತವರಲ್ಲ. ಫೋಟೋಶಾಪ್ ಮಾರಾಟಕ್ಕೆ ಬಂದುದು 1990ರಲ್ಲಿ. ಅದಕ್ಕೆ 133 ವರ್ಷಗಳ ಹಿಂದೆಯೇ, 1857ರಲ್ಲಿ, ಇಂಗ್ಲೆಂಡಿನ ಆಸ್ಕರ್ ರೇಲಾಂಡರನು 30ಕ್ಕೂ ಹೆಚ್ಚು ನೆಗೆಟಿವುಗಳನ್ನು ಜೋಡಿಸಿ ಒಂದೇ ಚಿತ್ರವನ್ನಾಗಿ ಮಾಡಿ ಮ್ಯಾಂಚೆಸ್ಟರಿನ ಕಲಾಪ್ರದರ್ಶನದಲ್ಲಿ ಇಟ್ಟಿದ್ದನು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನನು ಐದು ನೆಗೆಟಿವುಗಳಿಂದ ಒಬ್ಬ ತರುಣಿಯ ಮರಣಶಯ್ಯೆಯ ಚಿತ್ರವನ್ನು ರಚಿಸಿದಾಗ, ಇಂಥ ದುಃಖವನ್ನು ಕ್ಯಾಮೆರಾದಿಂದ ಇಣುಕಿ ನೋಡುವುದು ಅನುಚಿತವೆಂದು ಹಲವರು ಮುಖ ತಿರುಗಿಸಿದರು. ಆ ಹುಡುಗಿ ಆರೋಗ್ಯವಾಗಿದ್ದಳು. ಸಾಯುವಂತೆ ನಟಿಸಿದ್ದಳು ಅಷ್ಟೆ. ಕುಂಚದಿಂದ ಬರೆದ ಚಿತ್ರದಲ್ಲಿ ಅದೇ ದುಃಖವನ್ನು ಕಂಡು ಕಣ್ಣೊರಸಿಕೊಳ್ಳುತ್ತಿದ್ದ ಜನರು ಛಾಯಾಚಿತ್ರದಲ್ಲಿ ಅದನ್ನು ಸಹಿಸದೆ ಹೋದುದಕ್ಕೆ ಕಾರಣ ಸ್ಪಷ್ಟವಾಗಿದೆ: ಛಾಯಾಚಿತ್ರವು ತಾನಾಗಿಯೇ 'ಇದು ನಡೆದದ್ದು' ಎಂದು ಸಾಕ್ಷಿ ನುಡಿಯುವಂತೆ ತೋರುತ್ತದೆ. ವರ್ಣಚಿತ್ರಕ್ಕೆ ಆ ಭಾರವಿಲ್ಲ. ತಿದ್ದಿದ ಛಾಯಾಚಿತ್ರದ ವಿಮರ್ಶೆಯಲ್ಲಿ ಏಳುವ ತೊಡಕುಗಳಲ್ಲಿ ಹೆಚ್ಚಿನವು ಈ ಸಾಕ್ಷ್ಯಭಾವದಿಂದ ಹುಟ್ಟಿದವು.

ಅಮೆರಿಕದ ಆನ್ಸೆಲ್ ಆಡಮ್ಸನ ಚಂದ್ರೋದಯದ ಚಿತ್ರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. 1941ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಅವನು ಹಾದುಹೋಗುತ್ತಿದ್ದಾಗ, ಮುಳುಗುವ ಸೂರ್ಯನ ಕಡೆಯ ಕಿರಣಗಳು ಅಲ್ಲಿನ ಸ್ಮಶಾನದ ಶಿಲುಬೆಗಳ ಮೇಲೆ ಬಿದ್ದು ಅವು ಬೆಳ್ಳಗೆ ಹೊಳೆಯುತ್ತಿದ್ದುವು. ಮೇಲೆ ಚಂದ್ರನು ಮೂಡಿದ್ದನು. ಬೆಳಕನ್ನು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದ ಲೆಕ್ಕ ಹಾಕಿ ಅವನು ಒಂದು ಚಿತ್ರ ತೆಗೆದನು. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಣ ಬೆಳಕು ಆರಿಹೋಗಿತ್ತು. ಮೊದಮೊದಲು ಅಚ್ಚುಹಾಕಿದ ಪ್ರತಿಗಳಲ್ಲಿ ಆಕಾಶವು ಬೂದುಬಣ್ಣವಾಗಿ ತೆಳು ಮೋಡಗಳಿಂದ ಕೂಡಿದೆ. ಮುಂದೆ ಹಲವು ದಶಕಗಳ ಕಾಲ ಅದೇ ನೆಗೆಟಿವಿನಿಂದ ಪ್ರತಿಗಳನ್ನು ತೆಗೆಯುತ್ತ ಅವನು ಆಕಾಶವನ್ನು ಕಪ್ಪಾಗಿಸುತ್ತ ಬಂದನು. ಕೊನೆಗಾಲದ ಪ್ರತಿಗಳಲ್ಲಿ ಅದು ಹೆಚ್ಚು ಕಡಮೆ ಕಾಡಿಗೆಯಂತಿದೆ. ನಡುವೆ 1948ರಲ್ಲಿ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕಗಳಿಂದ ಗಾಢಗೊಳಿಸಿದನು. ಪಿಯಾನೋ ಅಭ್ಯಾಸ ಮಾಡಿದ್ದ ಆಡಮ್ಸನು ನೆಗೆಟಿವನ್ನು ಸ್ವರಲಿಪಿಗೂ ಪ್ರತಿಯನ್ನು ವಾದನಕ್ಕೂ ಹೋಲಿಸುತ್ತಿದ್ದನು. ಕೀರ್ತನೆ ಒಂದೇ ಆದರೂ ಗಾಯಕನ ಮನೋಧರ್ಮದಂತೆ ಅದು ಬೇರೆ ಬೇರೆಯಾಗಿ ಅರಳುವುದನ್ನು ಕೇಳಿದವರಿಗೆ ಈ ಹೋಲಿಕೆ ಅಪರಿಚಿತವಾಗಿ ತೋರದು. ಆ ಸಂಜೆಯ ಆಕಾಶವು ಕಾಡಿಗೆಯಂತಿರಲಿಲ್ಲ. ಆದರೂ ಈ ಚಿತ್ರವನ್ನು ಸುಳ್ಳೆನ್ನುವವರಿಲ್ಲ. ಇಲ್ಲದ ಚಂದ್ರನನ್ನು ಅವನು ತಂದಿಡಲಿಲ್ಲ. ಇದ್ದ ಶಿಲುಬೆಯನ್ನು ಅಳಿಸಲಿಲ್ಲ. ಕಂಡುದರ ತೂಕವನ್ನು ಮಾತ್ರ ಬದಲಿಸಿದನು.

ಕನ್ನಡ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಈ ವಿವೇಚನೆ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿದೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನೇ ಕಾವ್ಯದ ಜೀವವೆಂದು ಸಾಧಿಸಹೊರಟು, ಸೊಂಟದ ಆಭರಣವನ್ನು ಕೊರಳಿಗೆ ತೊಟ್ಟವರ ದೃಷ್ಟಾಂತವನ್ನು ಕೊಟ್ಟನು. ಈ ಅಳತೆಗೋಲನ್ನು ಛಾಯಾಚಿತ್ರಕ್ಕೆ ಹಿಡಿದರೆ ಎರಡು ದೋಷಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ. ಚಿತ್ರವು ತಾನು ಇಂಥದೆಂದು ಹೇಳಿಕೊಂಡ ಮಾತಿಗೆ ತಪ್ಪಿದರೆ ಅದು ಸತ್ಯದೋಷ. ತನ್ನೊಳಗಿನ ಬೆಳಕು, ಬಣ್ಣ, ಅಳತೆಗಳ ಹೊಂದಿಕೆಗೆ ತಪ್ಪಿದರೆ ಅದು ಔಚಿತ್ಯದೋಷ. ಒಂದಿದ್ದಾಗ ಇನ್ನೊಂದಿರಬೇಕೆಂಬ ನಿಯಮವಿಲ್ಲ. ಇವೆರಡನ್ನೂ ಕಲಸಿ ಮಾತನಾಡುವ ವಿಮರ್ಶಕನು ಚಿತ್ರಕಾರನಿಗೆ ಉಪಕಾರ ಮಾಡಲಾರನು.

1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಗೀಜಾದ ಪಿರಮಿಡ್ಡುಗಳು ಒಂದಕ್ಕೊಂದು ಹತ್ತಿರ ಸರಿದಿದ್ದುವು. ಅಡ್ಡವಾಗಿದ್ದ ಚಿತ್ರವು ಉದ್ದನೆಯ ಮುಖಪುಟಕ್ಕೆ ಹೊಂದಲೆಂದು ಯಂತ್ರದಿಂದ ಮಾಡಿದ ಉಪಾಯವದು. ಕಣ್ಣಿಗೆ ಅಲ್ಲಿ ಯಾವ ಕುಂದೂ ಕಾಣದು. ಔಚಿತ್ಯ ಸರಿಯಾಗಿಯೇ ಇದೆ. ಭೂಗೋಳವನ್ನು ತಿಳಿಸುವ ಪತ್ರಿಕೆಯಲ್ಲಿ ಅಚ್ಚಾದುದರಿಂದ ಅದು ದೋಷವಾಯಿತು. ಹಾಗೆಯೇ 2016ರಲ್ಲಿ ಇಟಲಿಯ ಪ್ರದರ್ಶನವೊಂದರಲ್ಲಿದ್ದ ಸ್ಟೀವ್ ಮೆಕರಿಯವರ ಕ್ಯೂಬಾದ ಚಿತ್ರದಲ್ಲಿ, ಬೀದಿಯ ಫಲಕದ ಕಂಬದ ತುಣುಕೊಂದು ದಾರಿಹೋಕನ ಕಾಲಿನ ಮೇಲೆ ಬಂದು ಕುಳಿತಿದ್ದುದನ್ನು ಒಬ್ಬ ನೋಟಕನು ಕಂಡುಹಿಡಿದನು. ವಾರ್ತಾಚಿತ್ರಗಳಿಂದ ಲೋಕಪ್ರಸಿದ್ಧರಾಗಿದ್ದ ಅವರು ಅನಂತರ ತಮ್ಮನ್ನು ಚಿತ್ರಗಳ ಮೂಲಕ ಕಥೆ ಹೇಳುವವರೆಂದು ಪರಿಗಣಿಸಬೇಕೆಂದರು. ಆ ಮಾತು ತಪ್ಪಲ್ಲ. ಅದು ಬಂದ ಹೊತ್ತು ತಪ್ಪು. ಚಿತ್ರದ ಜಾತಿ ಯಾವುದೆಂಬುದನ್ನು ನೋಟಕನಿಗೆ ಮೊದಲೇ ತಿಳಿಸತಕ್ಕದ್ದು, ಸಿಕ್ಕಿಬಿದ್ದ ಮೇಲೆ ಅಲ್ಲ. ಹಕ್ಕಿಯ ಎದೆಗೆ ಅಡ್ಡ ಬಂದ ರೆಂಬೆಯನ್ನು ಅಳಿಸುವುದರಲ್ಲಿಯೂ ಇದೇ ನ್ಯಾಯ. ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ, ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇವು ಮೂರೂ 2014ರಲ್ಲಿ ಒಪ್ಪಿಕೊಂಡ ಲಕ್ಷಣದಂತೆ, ನಿಸರ್ಗಚಿತ್ರದ ಸ್ಪರ್ಧೆಗಳಲ್ಲಿ ಅಂಚನ್ನು ಕತ್ತರಿಸಬಹುದೇ ಹೊರತು ಚಿತ್ರದೊಳಗಿನದನ್ನು ತೆಗೆಯುವಂತಿಲ್ಲ, ಹೊರಗಿನದನ್ನು ಸೇರಿಸುವಂತಿಲ್ಲ. ರೆಂಬೆಯಿಲ್ಲದ ಹಕ್ಕಿ ಗೋಡೆಯ ಮೇಲೆ ಚೆಲುವಾಗಿರಬಹುದು. ನಿಸರ್ಗವಿಭಾಗದಲ್ಲಿ ಅದಕ್ಕೆ ಸ್ಥಳವಿಲ್ಲ.

ಎರಡು ದೋಷಗಳೂ ಒಂದೆಡೆ ಕೂಡುವುದಕ್ಕೆ ಹಂಪೆಯಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಜಾವದಲ್ಲಿ ಮಾತಂಗ ಪರ್ವತವನ್ನು ಹತ್ತಿ ವಿರೂಪಾಕ್ಷ ದೇವಾಲಯದ ಗೋಪುರದ ಚಿತ್ರ ತೆಗೆಯುವವರು ಅನೇಕರು. ಬೆಟ್ಟವು ಗುಡಿಯ ಮೂಡಲಿಗಿದೆ, ಗೋಪುರವು ಪೂರ್ವಾಭಿಮುಖವಾಗಿದೆ. ಆದುದರಿಂದ ಹೊತ್ತು ಮೂಡುವಾಗ ಸೂರ್ಯನು ಚಿತ್ರಕಾರನ ಬೆನ್ನಿಗಿರುವನು. ಎಳೆಬಿಸಿಲು ಗೋಪುರದ ಮುಖದ ಮೇಲೆ ಬೀಳುವುದು. ಹಿಂದಣ ಪಡುವಲ ಆಕಾಶವು ಮಂಕಾಗಿ, ಎಷ್ಟೋ ಸಲ ಬರಿದಾಗಿ ಇರುವುದು. ಈ ಬರಿದು ಆಕಾಶ ಹಿಡಿಸದ ಒಬ್ಬನು ಬೇರೆಲ್ಲಿಯದೋ ಕೆಂಪು ಸೂರ್ಯನನ್ನು ತಂದು ಗೋಪುರದ ಬೆನ್ನಿಗೆ ನಿಲ್ಲಿಸಿ, 'ಹಂಪೆಯ ಬೆಳಗು' ಎಂದು ಹೆಸರಿಟ್ಟನೆಂದು ಭಾವಿಸೋಣ. ಹೆಸರು ಸ್ಥಳದ್ದಾದುದರಿಂದ ಅದು ಅಸತ್ಯ. ಹೆಸರನ್ನು ಬದಲಿಸಿ, ಇದು ಕೇವಲ ಕಲ್ಪನೆ ಎಂದರೂ ಚಿತ್ರ ಉಳಿಯಲಾರದು. ಏಕೆಂದರೆ ಹಿಂದೆ ಸೂರ್ಯನಿರುವಾಗ ಗೋಪುರದ ಮುಖ ನೆರಳಾಗಿರಬೇಕಾಗಿತ್ತು. ಅಲ್ಲಿ ಇಬ್ಬರು ಸೂರ್ಯರಿದ್ದಾರೆ. ದಿಕ್ಕು ತಿಳಿಯದ ನೋಟಕನ ಕಣ್ಣಿಗೂ ಏನೋ ಹೊಂದದೆಂಬ ಕಸಿವಿಸಿಯಾಗುವುದು, ಕಾರಣ ಹೇಳಲು ಮಾತ್ರ ಬಾರದು. ಆ ಕಾರಣವನ್ನು ಮಾತಿಗೆ ತಂದುಕೊಡುವುದೇ ವಿಮರ್ಶಕನ ಕೆಲಸ. 'ಕೃತಕವಾಗಿದೆ' ಎಂದರೆ ಚಿತ್ರಕಾರನು ಮುನಿಯುವನು; 'ಗೋಪುರದ ಮೇಲಿನ ಬಿಸಿಲು ಎತ್ತಣಿಂದ ಬಂತು?' ಎಂದು ಕೇಳಿದರೆ ತಾನೇ ನೋಡಿಕೊಳ್ಳುವನು.

ನೋಡುವ ಕ್ರಮದಲ್ಲಿಯೂ ಎಚ್ಚರ ಬೇಕು. ಮೂಲಚಿತ್ರವನ್ನೂ ತಿದ್ದಿದುದನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ರೂಢಿ ಬಹುವಾಗಿ ಹಬ್ಬಿದೆ. ಹಾಗೆ ತೋರಿಸಿದಾಗ ನೋಟಕನು ಚಿತ್ರವನ್ನು ಬಿಟ್ಟು ಪರಿಶ್ರಮವನ್ನು ಮೆಚ್ಚತೊಡಗುವನು. ತಿದ್ದಿದ ಚಿತ್ರವೊಂದನ್ನೇ ಮೊದಲು ನೋಡಿ, ಕಣ್ಣು ಎಲ್ಲಿ ನಿಂತಿತು, ಎಲ್ಲಿ ಎಡವಿತು ಎಂಬುದನ್ನು ಹೇಳಿದ ಮೇಲೆ ಮೂಲವನ್ನು ತರಿಸಿ ನೋಡುವುದು ಲೇಸು. ಆಗ ಎಡವಿದ ಎಡೆ ಕ್ಯಾಮೆರಾದ್ದೋ ಕೈಯದೋ ತಿಳಿಯುವುದು. ಬೆಟ್ಟದ ಅಂಚಿನುದ್ದಕ್ಕೂ ಬಿಳಿಯ ಗೆರೆ ಕಂಡರೆ ಅದು ಮಿತಿಮೀರಿ ಹರಿತಗೊಳಿಸಿದುದರ ಫಲ. ಮುದುಕಿಯ ಕೆನ್ನೆ ಮೇಣದ ಬೊಂಬೆಯಂತಾಗಿದ್ದರೆ ಸುಕ್ಕುಗಳ ಜೊತೆಗೆ ವಯಸ್ಸನ್ನೂ ಅಳಿಸಿದಂತಾಯಿತು. ಆಕಾಶವು ಪಟ್ಟೆಪಟ್ಟೆಯಾಗಿ ಒಡೆದಿದ್ದರೆ ಬಹುಮಟ್ಟಿಗೆ ಜೆಪೆಗ್ ಕಡತವನ್ನು ಅದರ ಶಕ್ತಿಗೆ ಮೀರಿ ಎಳೆದಿರುವರು. ಅದರಲ್ಲಿ ಒಂದೊಂದು ವರ್ಣಕ್ಕೆ ಇರುವುದು 256 ಮೆಟ್ಟಿಲುಗಳು ಮಾತ್ರ, 14 ಬಿಟ್ಟಿನ ರಾ ಕಡತದಲ್ಲಾದರೋ 16,384. ಇನ್ನೊಂದು ಮಾತು: ತೀರಾ ಪ್ರಕಾಶವಾದ ಮಾನಿಟರಿನ ಮುಂದೆ ಕುಳಿತು ತಿದ್ದುವವನು ಅರಿಯದೆಯೇ ಚಿತ್ರವನ್ನು ಕತ್ತಲಾಗಿಸುವನು. ಬಣ್ಣದ ವಿಚಾರದಲ್ಲಿ ತೀರ್ಪು ಕೊಡುವ ಮುನ್ನ ತನ್ನ ತೆರೆ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ವಿಮರ್ಶಕನಿಗೂ ಕರ್ತವ್ಯ.

ವಿಮರ್ಶೆಯನ್ನು ಸ್ವೀಕರಿಸುವವನ ಕಷ್ಟ ಬೇರೆ ತೆರನಾದುದು. ಎಂಟು ಗಂಟೆ ಕುಳಿತು ಮಾಡಿದೆನೆಂದು ಒಬ್ಬನು ಹೇಳುವನು. ಶ್ರಮ ಚಿತ್ರದಲ್ಲಿ ಕಾಣುವ ವಸ್ತುವಲ್ಲವಾದುದರಿಂದ ಆ ಮಾತಿಗೆ ಉತ್ತರ ಬೇಕಿಲ್ಲ. 'ಅಂದು ಸಂಜೆ ಬಾನು ನಿಜವಾಗಿಯೂ ಅಷ್ಟು ಕೆಂಪಾಗಿತ್ತು' ಎಂಬ ಸಮಾಧಾನ ಮಾತ್ರ ವಿಚಾರಾರ್ಹವಾದುದು. ಅದು ಸತ್ಯವಿರಬಹುದು. ಆದರೆ ಸತ್ಯದೋಷವಿಲ್ಲವೆಂದು ಸಾಧಿಸಿದ ಮಾತ್ರಕ್ಕೆ ಔಚಿತ್ಯದೋಷ ಹೋಗದು. ಸಂಜೆ ಬಯಲಲ್ಲಿ ನಿಂತವನಿಗೆ ಗಾಳಿಯ ತಂಪು, ಮರಳುವ ದನಗಳ ಗಂಟೆ, ಕ್ಷಣಕ್ಷಣಕ್ಕೆ ಇಳಿಯುವ ಬೆಳಕು ಎಲ್ಲವೂ ಕೂಡಿ ಆ ಕೆಂಪನ್ನು ನಂಬಿಸಿದ್ದುವು. ಚೌಕಟ್ಟಿನೊಳಗೆ ಅವೊಂದೂ ಇಲ್ಲದೆ ಕೆಂಪೊಂದೇ ಉಳಿದಿದೆ. ನೋಟಕನು ಕಾಣುವುದು ಅದನ್ನು ಮಾತ್ರ. ಇದಕ್ಕೆ ವಿರುದ್ಧವಾಗಿ, ಹೇಳಿದವರೆಲ್ಲರ ಮಾತಿನಂತೆ ತಿದ್ದುತ್ತ ಹೋಗುವ ಸಾಧುಸ್ವಭಾವದವರೂ ಇರುವರು. ಒಬ್ಬನು ಹೇಳಿದನೆಂದು ನೆರಳನ್ನು ಎತ್ತಿ, ಇನ್ನೊಬ್ಬನು ಹೇಳಿದನೆಂದು ಅಂಚನ್ನು ಕತ್ತಲಾಗಿಸಿ, ಮೂರನೆಯವನಿಗಾಗಿ ಮೋಡವನ್ನು ಉಬ್ಬಿಸಿ, ಕೊನೆಗೆ ಆ ಚಿತ್ರ ಯಾರದೂ ಅಲ್ಲದುದಾಗುವುದು. ಹಲವರು ಎಡವಿದ ಸ್ಥಳ ಒಂದೇ ಆದರೆ ಆ ಸ್ಥಳವನ್ನು ನಂಬಬೇಕು. ಅವರು ಸೂಚಿಸಿದ ಮದ್ದನ್ನೆಲ್ಲ ಕುಡಿಯಬೇಕಾಗಿಲ್ಲ.

ತಿದ್ದಿದ ಪ್ರತಿಯ ಮೇಲೆಯೇ ಮತ್ತೆ ತಿದ್ದದೆ, ಕೆಲವು ದಿನ ಬಿಟ್ಟು ಮೂಲ ಕಡತವನ್ನು ತೆರೆದು ಮೊದಲಿನಿಂದ ಮಾಡಿದರೆ ಕೇಳಿದ ವಿಮರ್ಶೆಯಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂಬುದು ಕೈಗೇ ತಿಳಿಯುವುದು. ರಾ ಕಡತವಾದರೆ ಎಷ್ಟು ಸಲ ತಿದ್ದಿದರೂ ಮೂಲ ಕೆಡುವುದಿಲ್ಲ. ತಿದ್ದುವಿಕೆಗಳೆಲ್ಲ ಅದರಿಂದ ಪ್ರತ್ಯೇಕವಾಗಿ ದಾಖಲಾಗಿರುತ್ತವೆ. ಆಡಮ್ಸನಿಗೆ ಈ ಸೌಕರ್ಯವಿರಲಿಲ್ಲ. 1948ರಲ್ಲಿ ಅವನ ಕೈಯಲ್ಲಿದ್ದುದು ಆ ಸಂಜೆಯ ಒಂದೇ ಒಂದು ನೆಗೆಟಿವು. ಅದನ್ನೇ ಅವನು ರಾಸಾಯನಿಕಕ್ಕೆ ಒಡ್ಡಿದನು.