ಮೊದಲು ಸೂಜಿ, ಆಮೇಲೆ ಪ್ರೋಬ್

ಮುಂಬೈನ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ರಾತ್ರಿ ಹತ್ತಕ್ಕೆ ಹೆಮೊಫಿಲಿಯಾ ಇರುವ ಹುಡುಗನ ಮೊಣಕಾಲು ಊದಿತು ಅನ್ನಿ. ಹತ್ತಿರದ್ದು ಸಾಯನ್ ಆಸ್ಪತ್ರೆ. ತುಸು ದೂರದಲ್ಲಿ ಪರೇಲ್‌ನ ಕೆಇಎಂ. ರಕ್ತದ ಕಾಯಿಲೆಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇರುವುದೂ ಅದೇ ಆವರಣದಲ್ಲಿ. ಎಲ್ಲಿಗೆ ಹೋದರೂ ಕ್ಯಾಷುವಾಲ್ಟಿಯಲ್ಲಿ ಪ್ರಶ್ನೆ ಒಂದೇ: ಕೀಲಿನೊಳಗೆ ರಕ್ತ ಜಿನುಗುತ್ತಿದೆಯೋ, ಹಳೆಯ ಸವೆತ ನೋಯುತ್ತಿದೆಯೋ?

ಮಂಚದ ಪಕ್ಕಕ್ಕೇ ತರಬಹುದಾದ ಅಲ್ಟ್ರಾಸೌಂಡ್ ಇದನ್ನು ಬಿಡಿಸುತ್ತದೆ ಎನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಮಂಡಿಚಿಪ್ಪಿಗಿಂತ ತುಸು ಮೇಲೆ ಪ್ರೋಬ್ ಇಟ್ಟರೆ ಒಳಗೆ ಕೂಡಿದ ದ್ರವ ಕಾಣುತ್ತದೆ. ಒತ್ತಿದರೆ ದ್ರವ ಸರಿಯುತ್ತದೆ, ಊದಿದ ಒಳಪೊರೆ ಸರಿಯುವುದಿಲ್ಲ. ಹೊಸ ರಕ್ತವಾದರೆ ಸಣ್ಣ ಚುಕ್ಕಿಗಳು ತೇಲಾಡುವುದುಂಟು. ಎಕ್ಸ್‌ರೇಗೆ ಈ ಕಣ್ಣಿಲ್ಲ, ಎಂಆರ್‌ಐಗೆ ಕಾಯಬೇಕು. ಇಟಲಿಯ ಮಾರ್ಟಿನೋಲಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಹೆಡ್-ಯುಎಸ್ ಕ್ರಮ ಮೊಣಕೈ, ಮೊಣಕಾಲು, ಹರಡು ಹೀಗೆ ಆರು ಕೀಲುಗಳನ್ನು ನೋಡುತ್ತದೆ. ಅದು ಸವೆತ ಅಳೆಯಲು ಹುಟ್ಟಿದ್ದು, ತುರ್ತು ಕೋಣೆಗಾಗಿ ಅಲ್ಲ. ಎರಡನ್ನೂ ಒಂದೇ ಎಂದುಕೊಂಡರೆ ಕಷ್ಟ.

ನನ್ನ ತಕರಾರು ಯಾವುದು ಮೊದಲು ಎಂಬುದರಲ್ಲಿದೆ. ಸಂಶಯವಿದ್ದರೂ ಮೊದಲು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಿ, ಪರೀಕ್ಷೆಗೆ ಕಾಯಬೇಡಿ ಎನ್ನುವುದು ಹೆಮೊಫಿಲಿಯಾ ಚಿಕಿತ್ಸೆಯ ಹಳೆಯ ಪಾಠ. ಪರದೆ ಬಂದರೆ ಈ ಪಾಠ ಹಿಂದೆ ಬೀಳುತ್ತದೆ. ಪಳಗದ ಕೈಗೆ ಏನೂ ಕಾಣಲಿಲ್ಲ, "ಏನಿಲ್ಲ, ಮನೆಗೆ ಹೋಗಿ" ಅಂದುಬಿಟ್ಟರೆ? ಊತಕ್ಕಿಂತ ಮೊದಲೇ ಬರುವ ಜುಮುಗುಟ್ಟುವಿಕೆ, ಬಿಗಿತ ಆ ಹುಡುಗನಿಗೆ ಗೊತ್ತು. ಯಂತ್ರಕ್ಕಿಂತ ಮೊದಲು ಅವನನ್ನು ಕೇಳಬೇಕು.

ಯಂತ್ರ ತನ್ನ ಬೆಲೆ ತೋರುವುದು ಕೀಲಿಗಿಂತ ಸೊಂಟದ ಆಳದ ಸೋಆಸ್ ಸ್ನಾಯುವಿನಲ್ಲಿ. ಅಲ್ಲಿ ಬಲಗಡೆ ರಕ್ತ ಸುರಿದರೆ ಥೇಟ್ ಅಪೆಂಡಿಸೈಟಿಸ್‌ನಂತೆ ನೋಯುತ್ತದೆ. ಫ್ಯಾಕ್ಟರ್ ಇಲ್ಲದೆ ಹೊಟ್ಟೆ ಕೊಯ್ದರೆ ಜೀವಕ್ಕೇ ಸಂಚಕಾರ. ಪ್ರೋಬ್ ಆಡಿಸಿ ಅದನ್ನು ತಪ್ಪಿಸಿದವರಿಗೆ ಕೈಮುಗಿಯುತ್ತೇನೆ.

ವಿದೇಶಗಳಲ್ಲಿ ರೋಗಿಗಳೇ ಮನೆಯಲ್ಲಿ ಸ್ಕ್ಯಾನ್ ಮಾಡಿಕೊಳ್ಳುವ ಪ್ರಯೋಗಗಳಾಗಿವೆ. ಇಲ್ಲಿ ಅದಾಗದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರಕ್ಕೆ ನೋಂದಣಿ ಬೇಕು; 2012ರ ತಿದ್ದುಪಡಿ ಒಯ್ಯಬಲ್ಲ ಯಂತ್ರಗಳನ್ನು ಒಳರೋಗಿಗಳಿರುವ ನೋಂದಾಯಿತ ಆಸ್ಪತ್ರೆ, ಸಂಚಾರಿ ಘಟಕಗಳಿಗಷ್ಟೇ ಬಿಟ್ಟಿತು. ಹೆಣ್ಣುಮಕ್ಕಳ ಕಾವಲಿಗೆ ನಿಂತ ಕಾನೂನಿನ ಮೇಲೆ ಮುನಿಯಲು ಮನಸ್ಸಾಗದು.

ಯಂತ್ರ ಬರಲಿ. ಅದಕ್ಕೂ ಮೊದಲು ಫ್ರಿಜ್‌ನಲ್ಲಿ ಫ್ಯಾಕ್ಟರ್ 8 ಇರಲಿ, ಆ ಫ್ರಿಜ್‌ನ ಬೀಗದ ಕೈ ರಾತ್ರಿ ಪಾಳಿಯವರ ಬಳಿ ಇರಲಿ.