ಟ್ರಿಗರ್ ಹಗುರ, ಬೆರಳು ಭಾರ

ಪಿಸ್ತೂಲ್ ಶೂಟಿಂಗ್ ಕಲಿಯಲು ಬಂದವರಲ್ಲಿ ಹಲವರ ಮೊದಲ ಆಸೆ ಹಗುರ ಟ್ರಿಗರ್. ಮುಟ್ಟಿದರೆ ಸಾಕು, ಗುಂಡು ಹಾರಬೇಕು. ಆಸೆ ತಪ್ಪಲ್ಲ, ಅವಸರ ತಪ್ಪು.

10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕೆಂಬುದು ನಿಯಮ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ಒಂದೇ ಬೆರಳಿಗೆ ತೂಗುಹಾಕಿದಷ್ಟು. 50 ಮೀಟರಿನ ಫ್ರೀ ಪಿಸ್ತೂಲಿಗೆ ಅಂಥ ಮಿತಿಯೇ ಇಲ್ಲ. ಹತ್ತಿಪ್ಪತ್ತು ಗ್ರಾಮಿಗೂ ಇಳಿಸಿಕೊಳ್ಳುವವರಿದ್ದಾರೆ. ಸೋವಿಯತ್ ಕಾಲದ ಟೊಝ್-35 ಪಿಸ್ತೂಲಿನಲ್ಲಿ ಟ್ರಿಗರನ್ನು ಮೊದಲೇ ಬಿಗಿದಿಡಲು ಬೇರೆ ಸನ್ನೆಯಿದೆ. ಬೆರಳಿಗೆ ಉಳಿಯುವುದು ಆ ಬಿಗಿಯನ್ನು ಬಿಡಿಸುವ ಕೆಲಸ ಮಾತ್ರ. ಸ್ವಿಟ್ಜರ್ಲೆಂಡಿನ ಮೊರಿನಿ ಕಂಪನಿ ಎಲೆಕ್ಟ್ರಾನಿಕ್ ಟ್ರಿಗರನ್ನೇ ಕೊಟ್ಟಿತು.

ಇಷ್ಟು ಹಗುರ ಯಾಕೆ? 50 ಮೀಟರ್ ದೂರದಲ್ಲಿ ಹತ್ತಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಮುಂದಿನ ಸೈಟಿಗೂ ಹಿಂದಿನದಕ್ಕೂ 35 ಸೆಂಟಿಮೀಟರ್ ಅಂತರವಿದ್ದರೆ, ಎರಡರ ಹೊಂದಿಕೆ ಅರ್ಧ ಮಿಲಿಮೀಟರ್ ತಪ್ಪಿದರೂ ಗುಂಡು ಏಳು ಸೆಂಟಿಮೀಟರ್ ಆಚೆ ಬೀಳುತ್ತದೆ. ಹತ್ತು ಹೋಗಿ ಎಂಟಾಯಿತು. ಎಳೆಯುವ ಬೆರಳು ಪಿಸ್ತೂಲನ್ನೂ ಎಳೆಯದಿರಲಿ ಎಂದೇ ಈ ಹಗುರತನ.

ಹೊಸಬರ ಕೈಯಲ್ಲಿ ಆಗುವುದು ಇದರ ತದ್ವಿರುದ್ಧ. ಎಲ್ಲಿ ಹಾರಿಬಿಡುತ್ತದೋ ಎಂಬ ಹೆದರಿಕೆಗೆ ಬೆರಳು ಟ್ರಿಗರ್ ಮೇಲೆ ಕೂರುವುದಿಲ್ಲ, ಗಾಳಿಯಲ್ಲೇ ಸೆಟೆದು ನಿಲ್ಲುತ್ತದೆ. ಸೈಟು ಗುರಿಯ ಕಪ್ಪು ವೃತ್ತದ ಕೆಳಗೆ ಬಂದದ್ದೇ ತಡ, ಬೆರಳು ಟ್ರಿಗರ್ ಮೇಲೆ ಬೀಳುತ್ತದೆ. ಅದರೊಂದಿಗೆ ಮಣಿಕಟ್ಟೂ ಬಿಗಿಯಾಗುತ್ತದೆ. ತೂಕ ಹತ್ತು ಗ್ರಾಂ ಆದರೇನು, ಬಿದ್ದ ಏಟು ಏಟೇ. ಕೈ ನಡುಗುವುದು ಸಹಜ, ಅದರ ಜೊತೆ ಬಾಳಬಹುದು. ಬೆರಳಿನ ಈ ಜಿಗಿತದ ಜೊತೆ ಬಾಳಲಾಗದು.

ಮದ್ದು ಸಪ್ಪೆಯದು. ಗುಂಡಿಲ್ಲದ ಪಿಸ್ತೂಲನ್ನು ಬಿಳಿ ಗೋಡೆಗೆ ಹಿಡಿದು, ಮುಂದಿನ ಸೈಟನ್ನಷ್ಟೇ ನೋಡುತ್ತ, ಟ್ರಿಗರನ್ನು ನಿಧಾನಕ್ಕೆ ಒತ್ತುತ್ತ ಹೋಗುವುದು. ಟಕ್ಕೆಂದ ಮೇಲೂ ಸೈಟು ಅಲ್ಲೇ ಇದೆಯೇ? ಗೋಡೆಯಲ್ಲಿ ಅಂಕವಿಲ್ಲ, ಹಾಗಾಗಿ ಆಸೆಯೂ ಇಲ್ಲ. (ಚೇಂಬರ್ ಖಾಲಿಯಿದೆಯೆಂದು ಎರಡು ಸಲ ನೋಡಿ. ಹಗುರ ಟ್ರಿಗರನ್ನು ಬಿಗಿಯುವಾಗ ನಳಿಗೆ ಸದಾ ಗುರಿಯ ಕಡೆಗೇ ಇರಲಿ.)

ಎರಡೂ ಬಗೆಯ ಟ್ರಿಗರಿಗೆ ಬೆರಳಿಟ್ಟವರಿದ್ದಾರೆ. ಬೆಂಗಳೂರಿನ ಶೂಟರ್ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಏರ್ ಪಿಸ್ತೂಲಿನಲ್ಲಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಇಳಿದದ್ದು 50 ಮೀಟರಿಗೆ. ಅದೇ ಸ್ಪರ್ಧೆಯ ಫೈನಲ್‌ನಲ್ಲಿ ಕೊರಿಯಾದ ಜಿನ್ ಜಾಂಗ್-ಒಹ್ 6.6ರ ಕೆಟ್ಟ ಹೊಡೆತ ಹೊಡೆದೂ ಚಿನ್ನ ಗೆದ್ದರು, ಸತತ ಮೂರನೆಯದು. ಆಮೇಲೆ ಈ ಸ್ಪರ್ಧೆಯನ್ನು ಒಲಿಂಪಿಕ್ಸಿನಿಂದಲೇ ಕೈಬಿಟ್ಟರು. ನನ್ನ ಮಟ್ಟಿಗೆ ಅದು ನಷ್ಟವೇ.

ನೀವು ಕಲಿಯಹೊರಟಿದ್ದರೆ 500 ಗ್ರಾಮಿನಿಂದಲೇ ಶುರುಮಾಡಿ. ಫ್ರೀ ಪಿಸ್ತೂಲಿಗೆ ಹೋದ ಮೇಲೂ ತೂಕವನ್ನು ಮೆಲ್ಲಗೆ ಇಳಿಸಿ. ಬೆರಳು ಹೆದರದೆ ಟ್ರಿಗರ್ ಮೇಲೆ ಕೂರುವಷ್ಟು ಭಾರ ಉಳಿಸಿಕೊಳ್ಳಿ.