ಹನ್ನೆರಡೇ ಸೀಟು ಬಾಕಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿಟ್ಟಿದ್ದಾರೆ. ಈಗೀಗ ಆ ಗಾದೆಯನ್ನು ಮದುವೆ ಕುದುರಿಸುವವರಿಗಿಂತ ಕಾಲೇಜು ನಡೆಸುವವರೇ ಹೆಚ್ಚು ಶ್ರದ್ಧೆಯಿಂದ ಪಾಲಿಸುತ್ತಿದ್ದಾರೇನೋ ಎಂದು ನನಗೆ ಅನ್ನಿಸತೊಡಗಿದೆ. ಪಿಯುಸಿ ಫಲಿತಾಂಶ ಬಂದ ದಿನದಿಂದ ಮಗಳಿರುವ ಮನೆಯ ಮೊಬೈಲಿಗೆ ಬಿಡುವಿಲ್ಲ. ಕೇಳರಿಯದ ಊರಿನ ವಿಶ್ವವಿದ್ಯಾಲಯದವರೆಲ್ಲ ನಮ್ಮ ಮಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ನೀವೂ ಇದನ್ನು ಅನುಭವಿಸಿರಬಹುದು.

ನಾನು ಬಿ.ಎ. ಸೇರಿದ್ದು 1988ರಲ್ಲಿ. ಅಪ್ಪ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋಗಿ, ಸಂಜೆ ಒಂದು ತೆಳ್ಳನೆಯ ಪ್ರಾಸ್ಪೆಕ್ಟಸ್ ತಂದಿದ್ದರು. ಅದರಲ್ಲಿ ಚಿತ್ರವಿರಲಿಲ್ಲ, ಬಣ್ಣವಿರಲಿಲ್ಲ. ಯಾವ ವಿಷಯ, ಎಷ್ಟು ಫೀ, ಯಾವ ತಾರೀಖಿನೊಳಗೆ ಅರ್ಜಿ ಕೊಡಬೇಕು, ಇಷ್ಟೇ. ಆ ಪುಸ್ತಿಕೆ ನನ್ನನ್ನು ಓಲೈಸಲಿಲ್ಲ, ಹೆದರಿಸಲೂ ಇಲ್ಲ. ಹಾಗೆಂದು ಅದನ್ನು ಹೊಗಳಿ ಕೂರುವವಳೂ ನಾನಲ್ಲ. ಹಾಸ್ಟೆಲು ಹೇಗಿದೆ, ನೀರಿದೆಯೇ, ರಾತ್ರಿ ದೀಪವಿದೆಯೇ ಎಂಬುದನ್ನು ಅದು ಹೇಳಿರಲಿಲ್ಲ. ಧಾರವಾಡಕ್ಕೆ ಹೋಗಿಬರಬಲ್ಲ ಅಪ್ಪ ಇಲ್ಲದ ಹುಡುಗಿಯರಿಗೆ ಆ ಪುಸ್ತಿಕೆಯೂ ಸಿಗುತ್ತಿರಲಿಲ್ಲ. ಈಗ ಅದೆಲ್ಲ ಕೈಯೊಳಗಿನ ಫೋನಿನಲ್ಲಿ ಸಿಗಬೇಕು. ಜಾಲತಾಣಗಳ ಮೇಲೆ ನಾನು ಆಸೆ ಇಟ್ಟುಕೊಂಡಿದ್ದು ಇದಕ್ಕೇ.

ಆ ಆಸೆಗೆ ಪೆಟ್ಟು ಬಿದ್ದದ್ದು 2024ರ ಮೇ ತಿಂಗಳಲ್ಲಿ. ನನ್ನ ಕೈಯಲ್ಲಿ ಹತ್ತನೆಯ ತರಗತಿ ಓದಿ, ಆಗತಾನೇ ಪಿಯುಸಿ ಮುಗಿಸಿದ್ದ ಹುಡುಗಿಯೊಬ್ಬಳು ತಾಯಿಯೊಡನೆ ಮನೆಗೆ ಬಂದಳು. ತಾಯಿ ಹೊಲಿಗೆ ಯಂತ್ರದ ಮೇಲೆ ಸಂಸಾರ ನಡೆಸುವವಳು. "ಅಕ್ಕೋರ, ಸೀಟು ಮುಗೀತಾವ ಅಂತ ಫೋನಿನ್ಯಾಗ ಬಂತ್ರಿ. ಹನ್ನೆರಡ ಉಳದಿದ್ವು. ಇಪ್ಪತ್ತೈದು ಸಾವಿರ ಕಟ್ಟಿಬಿಟ್ವಿ. ಮಾರ್ಕ್ಸ್ ಕಾರ್ಡೂ ಅವರ ಹತ್ರ ಐತಿ. ಈಗ ಇಲ್ಲೇ ಸರಕಾರಿ ಕಾಲೇಜಿನ್ಯಾಗ ಬಿ.ಎಸ್ಸಿ. ಸೀಟು ಸಿಕ್ಕೈತಿ. ಕೇಳಿದ್ರ ರೊಕ್ಕ ವಾಪಸ್ ಕೊಡೂದಿಲ್ಲ ಅಂತಾರ್ರಿ" ಎಂದಳು.

ಅಂದು ರಾತ್ರಿ ಕನ್ನಡಕ ಹಾಕಿಕೊಂಡು ಆ ಜಾಲತಾಣ ತೆರೆದೆ. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವಳು ನಾನು. ಇದನ್ನೂ ಒಂದು ಪ್ರಬಂಧವೆಂದುಕೊಂಡೇ ಓದಿದೆ. ಮೇಲ್ಭಾಗದಲ್ಲಿ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು. ಅದರ ಕೆಳಗೆ, ಬಿ.ಸಿ.ಎ.ಗೆ ಹನ್ನೆರಡೇ ಸೀಟು ಬಾಕಿ ಎಂದಿತ್ತು. ಎಂಟು ದಿನ ಬಿಟ್ಟು ಮತ್ತೆ ನೋಡಿದೆ. ಹನ್ನೆರಡೇ. ಮಗನ ಫೋನಿನಲ್ಲಿ ನೋಡಿದೆ. ಅಲ್ಲೂ ಹನ್ನೆರಡು, ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತಿತ್ತು. ದ್ರೌಪದಿಯ ಅಕ್ಷಯಪಾತ್ರೆಯಲ್ಲಿ ಅನ್ನ ಖಾಲಿಯಾಗುತ್ತಿರಲಿಲ್ಲವಂತೆ, ಇಲ್ಲಿ ಸೀಟು!

ಇದು ಬರಿಯ ಜಾಣತನವಲ್ಲ, ನಿಷೇಧಿಸಿದ ನಡತೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಜಾಲತಾಣಗಳು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ. ಇಲ್ಲದ ಕೊರತೆಯನ್ನು ಇದೆ ಎಂದು ತೋರಿಸಿ ಕೊಳ್ಳುವಂತೆ ಮಾಡುವುದು. ಇನ್ನೊಂದು, ಬೇಡ ಎನ್ನುವವರನ್ನು ನಾಚಿಸುವುದು. ಈ ತಾಣದಲ್ಲಿ ಅದೂ ಇತ್ತು. ಅರ್ಜಿ ತುಂಬದೆ ಹೊರಬರಲು ಒತ್ತಬೇಕಾದ ಗುಂಡಿಯ ಮೇಲೆ "ನನಗೆ ನನ್ನ ಭವಿಷ್ಯ ಮುಖ್ಯವಲ್ಲ" ಎಂಬರ್ಥದ ಇಂಗ್ಲಿಷ್ ಸಾಲಿತ್ತು. ಹದಿನೇಳರ ಹುಡುಗಿ ಅದನ್ನು ಹೇಗೆ ಒತ್ತಿಯಾಳು?

ಭಾಷೆಯ ಮಾತಿಗೆ ಬರೋಣ. ಕನ್ನಡದಲ್ಲಿ ಓದಿ ಎಂಬ ಗುಂಡಿಯೂ ಇತ್ತು. ಒತ್ತಿದರೆ "ನಿಮ್ಮ ಕನಸುಗಳನ್ನು ಅನ್ಲಾಕ್ ಮಾಡಿ" ಎಂದು ಬಂತು. ಕನಸಿಗೆ ಬೀಗ ಹಾಕಿದವರಾರೋ! ಯಂತ್ರ ಮಾಡಿದ ಕನ್ನಡವನ್ನು ಒಬ್ಬ ಮನುಷ್ಯನೂ ಓದಿ ನೋಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಫೀ ಮರಳಿಸುವ ನಿಯಮದ ಪುಟ ಮಾತ್ರ ಕನ್ನಡಕ್ಕೆ ತಿರುಗಲೇ ಇಲ್ಲ. ಹೊಗಳಿಕೆ ಎರಡು ಭಾಷೆಯಲ್ಲಿ, ಷರತ್ತು ಒಂದೇ ಭಾಷೆಯಲ್ಲಿ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಚಿತ್ರಗಳಲ್ಲಿ ನಾಲ್ಕು ಹುಡುಗಿಯರು ಮರದ ಕೆಳಗೆ ಫೈಲು ಹಿಡಿದು ನಗುತ್ತಿದ್ದರು. ಅವರೇ ನಾಲ್ವರು ಇನ್ನೊಂದು ಊರಿನ ಕಾಲೇಜಿನ ತಾಣದಲ್ಲೂ ಅದೇ ಮರದ ಕೆಳಗೆ ನಗುತ್ತಿದ್ದುದನ್ನು ಆಮೇಲೆ ಕಂಡೆ. ಬೆಲೆಗೆ ಸಿಗುವ ಚಿತ್ರವಂತೆ. ಹೆಣ್ಣು ನೋಡಲು ಬಂದವರಿಗೆ ಪಕ್ಕದ ಮನೆಯ ಹುಡುಗಿಯನ್ನು ತೋರಿಸಿದ ಹಾಗಾಯಿತಲ್ಲ! ಇಡೀ ತಾಣದಲ್ಲಿ ಪಾಠ ಹೇಳುತ್ತಿರುವ ಒಬ್ಬ ಮೇಷ್ಟ್ರ ಚಿತ್ರವಿರಲಿಲ್ಲ.

ಇನ್ನು ಸಂಬಳದ ಲೆಕ್ಕ. ಅತಿ ಹೆಚ್ಚಿನ ಪ್ಯಾಕೇಜು 20 ಲಕ್ಷ ಎಂದು ದಪ್ಪಕ್ಷರದಲ್ಲಿತ್ತು. ಹತ್ತು ಜನರಲ್ಲಿ ಒಬ್ಬಳಿಗೆ 20 ಲಕ್ಷ, ಉಳಿದ ಒಂಬತ್ತು ಜನಕ್ಕೆ ಮೂರು ಮೂರು ಲಕ್ಷ ಬಂತೆನ್ನಿ. ಸರಾಸರಿ ತೆಗೆದರೆ 4 ಲಕ್ಷ 70 ಸಾವಿರ. ಆದರೆ ಹತ್ತನೆಯ ತರಗತಿಯ ಗಣಿತದಲ್ಲಿ ಕಲಿಸುವ ಮಧ್ಯಾಂಕ ಹಿಡಿದರೆ ಮೂರೇ ಲಕ್ಷ. ನಮ್ಮ ಮಗಳಿಗೆ ಸಿಗಬಹುದಾದದ್ದು ಹೆಚ್ಚುಕಡಿಮೆ ಅದು. 2016ರಿಂದ ಕೇಂದ್ರ ಸರ್ಕಾರ ಎನ್‌ಐಆರ್‌ಎಫ್ ಎಂಬ ಶ್ರೇಯಾಂಕ ಪಟ್ಟಿ ಪ್ರಕಟಿಸುತ್ತಿದೆ. ಅದಕ್ಕೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಾಂಕವೆಷ್ಟು ಎಂಬುದೂ ಇರುತ್ತದೆ. ದಪ್ಪಕ್ಷರವನ್ನು ಬಿಟ್ಟು ಅದನ್ನು ಹುಡುಕಬೇಕು. ನ್ಯಾಕ್ ದರ್ಜೆಯ ಮುದ್ರೆ ಕಂಡರೆ ಯಾವ ವರ್ಷದ್ದೆಂದು ಕೇಳಬೇಕು. ಆ ದರ್ಜೆಗೂ ಅವಧಿ ಇರುತ್ತದೆ. ವಿಶ್ವವಿದ್ಯಾಲಯವೇ ನಿಜವಾದದ್ದೋ ಅಲ್ಲವೋ ಎಂಬ ಅನುಮಾನ ಬಂದರೆ ಯುಜಿಸಿ ತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೇ ಇದೆ.

ಇಷ್ಟೆಲ್ಲ ತಪ್ಪು ಎತ್ತಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಆ ಹುಡುಗಿಯ ನಂಬರು ಅವರಿಗೆ ಹೇಗೆ ಸಿಕ್ಕಿತು? ಹಿಂದಿನ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಸಭಾಂಗಣದಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರವೆಂದು ನಡೆದಿತ್ತು. ನಮ್ಮಲ್ಲಿ ಹೈಸ್ಕೂಲು, ಪಿಯುಸಿ ಒಂದೇ ಆವರಣದಲ್ಲಿವೆ. ಬಂದವರು ಸಂಸ್ಥೆಗೆ ಒಂದು ಗೋಡೆ ಗಡಿಯಾರ ಕೊಟ್ಟು, ಮಕ್ಕಳ ಕೈಗೆ ಒಂದೊಂದು ಕಾರ್ಡು ಕೊಟ್ಟರು. ಹೆಸರು, ತಾಯಿಯ ಫೋನು, ಬೇಕಾದ ಕೋರ್ಸು. ಕಾರ್ಡು ಹಂಚಿದವಳು ನಾನು. "ಅಕ್ಷರ ದುಂಡಗೆ ಬರೀರಿ" ಎಂದು ಹೇಳಿದವಳೂ ನಾನೇ.

ಆ ಕಾರ್ಡು ಹೋದ ದಾರಿಯನ್ನು ಆಮೇಲೆ ತಿಳಿದೆ. ನಂಬರು ಕಂಪ್ಯೂಟರಿನ ಪಟ್ಟಿಗೆ ಸೇರುತ್ತದೆ. ಕರೆ ಮಾಡುವವರಿಗೆ ದಿನಕ್ಕೆ ಇಷ್ಟು ಮಂದಿ ಎಂದು ಹಂಚುತ್ತಾರೆ. ಒಮ್ಮೆ ತಾಣ ತೆರೆದರೆ ಪುಟದಲ್ಲಿ ಅಡಗಿಸಿಟ್ಟ, ಕಣ್ಣಿಗೆ ಕಾಣದ ಪಿಕ್ಸೆಲ್ ಎಂಬ ಗುರುತು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅಡುಗೆಯ ವಿಡಿಯೋ ನೋಡಲು ಹೋದರೂ ಅದೇ ಕಾಲೇಜಿನ ಜಾಹೀರಾತು ಬೆನ್ನು ಬೀಳುತ್ತದೆ. ಗೂಗಲ್ಲಿನಲ್ಲಿ ಹುಡುಕಿದರೆ ಮೊದಲು ಬರುವವು ಎಷ್ಟೋ ಸಲ ದುಡ್ಡು ಕೊಟ್ಟು ಮೇಲೇರಿದವು. ಪ್ರಾಯೋಜಿತ ಎಂದು ಸಣ್ಣಕ್ಷರದಲ್ಲಿರುತ್ತದೆ. ಹತ್ತಾರು ಕಾಲೇಜುಗಳನ್ನು ಹೋಲಿಸಿ ತೋರಿಸುತ್ತೇವೆ ಎನ್ನುವ ತಾಣಗಳಲ್ಲಿ ಒಮ್ಮೆ ಅರ್ಜಿ ತುಂಬಿದರೆ ನಂಬರು ಹಲವು ಕೈಗೆ ಹೋಗಬಹುದು. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವುದು ಸಲ್ಲದೆನ್ನುತ್ತದೆ. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಹದಿನೇಳರವರು. ನಾನು ಯಾವ ತಾಯಿಯನ್ನು ಕೇಳಿ ಆ ಕಾರ್ಡು ಹಂಚಿದ್ದೆ?

ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಕೂತು ಪತ್ರ ಬರೆದೆ. ಪತ್ರಲೇಖನ ನನ್ನ ವಿಷಯವಲ್ಲವೇ! ಯುಜಿಸಿ 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಕೂಡಲೇ ಮರಳಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ ಎಷ್ಟು ಮೊದಲು ಅಥವಾ ನಂತರ ಬಿಡುತ್ತೇವೆ ಎಂಬುದನ್ನು ನೋಡಿ ಫೀ ಮರಳಿಸಬೇಕು. ಇದನ್ನೇ ಬರೆದು, ತಾಯಿಯ ಸಹಿ ಹಾಕಿಸಿ, ರಿಜಿಸ್ಟರ್ ಮಾಡಿಸಿದೆವು. ಮಾರ್ಕ್ಸ್ ಕಾರ್ಡು ವಾರದಲ್ಲಿ ಬಂತು. ಹಣ ಬರಲು ಎರಡು ತಿಂಗಳು ಹಿಡಿಯಿತು, ಅದರಲ್ಲೂ ಒಂದಷ್ಟು ಮುರಿದುಕೊಂಡಿದ್ದರು. ಆ ಎರಡು ತಿಂಗಳು ತಾಯಿ ರಾತ್ರಿ ಹನ್ನೊಂದರವರೆಗೆ ಹೊಲಿದಳು.

ಹಾಗಾದರೆ ವಿಶ್ವವಿದ್ಯಾಲಯ ತನ್ನ ಬಗ್ಗೆ ಹೇಳಿಕೊಳ್ಳಬಾರದೇ? ಅವಶ್ಯ ಹೇಳಬೇಕು. ಅಮೆರಿಕದ ಎಂಐಟಿ 2001ರಲ್ಲಿ ತನ್ನ ಪಾಠಗಳ ಸಾಮಗ್ರಿಯನ್ನೇ ಅಂತರಜಾಲದಲ್ಲಿ ಎಲ್ಲರಿಗೂ ಪುಕ್ಕಟೆ ಇಡುವುದಾಗಿ ಸಾರಿತು. ನಮ್ಮ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪ್ರಾಧ್ಯಾಪಕರ ಪಾಠಗಳನ್ನು ಮನೆಯಲ್ಲೇ ಕೂತು ಕೇಳಬಹುದು. ಅಡುಗೆ ಹೇಗಿದೆ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕಲ್ಲ. ಹಾಗೆಯೇ ಒಂದು ತಾಸಿನ ಪಾಠ ತೋರಿಸಲಿ, ಫೀ ಪೂರ್ತಿ ಬರೆಯಲಿ, ಹಾಸ್ಟೆಲಿನ ನಿಜವಾದ ಚಿತ್ರ ಹಾಕಲಿ. ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ ತನ್ನ ತಾಣದಲ್ಲಿ ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಎಷ್ಟನೆಯ ರ‍್ಯಾಂಕಿಗೆ ನಿಂತಿತು ಎಂದು ಪಟ್ಟಿ ಹಾಕುತ್ತದೆ. ಅದರಲ್ಲಿ ಒಂದು ನಗುಮುಖವೂ ಇಲ್ಲ. ಆದರೆ ಆ ಒಣ ಪಟ್ಟಿ ನೋಡಿ ದಾರಿ ಕಂಡುಕೊಂಡ ಹುಡುಗಿಯರನ್ನು ನಾನು ಬಲ್ಲೆ.

ಕಳೆದ ಡಿಸೆಂಬರಿನಲ್ಲಿ ಶಿಬಿರದವರು ಮತ್ತೆ ಬಂದರು, ಮತ್ತೊಂದು ಗಡಿಯಾರದೊಡನೆ. ಪ್ರಿನ್ಸಿಪಾಲರ ಹತ್ತಿರ ಮೊದಲೇ ಮಾತಾಡಿಟ್ಟಿದ್ದೆ. ಕಾರ್ಡಿನ ಕಟ್ಟನ್ನು ಮೇಜಿನ ಮೇಲೆಯೇ ಬಿಡಿಸಿ, "ಈ ಸಲ ಹುಡುಗಿಯರು ತಮ್ಮ ನಂಬರು ಕೊಡೂದಿಲ್ರಿ. ನಿಮ್ಮ ಕಚೇರಿ ನಂಬರು ಬೋರ್ಡ್ ಮ್ಯಾಲೆ ಬರೀರಿ, ಬೇಕಾದವರು ತಾಯಿಯಿಂದ ಮಾಡಸ್ತಾರ" ಎಂದೆ. ಅವರ ಮುಖ ಸಣ್ಣದಾಯಿತು, ಆದರೂ ಬರೆದರು. ಪರದೆಯ ಮೇಲೆ ಹಸಿರು ಹುಲ್ಲುಹಾಸು, ನಗುವ ಮುಖಗಳೆಲ್ಲ ಬಂದುಹೋದ ಮೇಲೆ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಸರ್, ಹಾಸ್ಟೆಲಿನ್ಯಾಗ ನೀರು ಎಷ್ಟು ತಾಸು ಬರ್ತಾವ್ರಿ?"

ಆತ ಲ್ಯಾಪ್‌ಟಾಪಿನಲ್ಲಿ ಅತ್ತಿತ್ತ ಹುಡುಕಿದರು. ಅಲ್ಲಿ ಅದಿರಲಿಲ್ಲ. "ವಿಚಾರಿಸಿ ಹೇಳ್ತೀನಮ್ಮಾ" ಎಂದರು. ಹುಡುಗಿ ಕುಳಿತುಕೊಂಡು ತನ್ನ ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡಳು, ದುಂಡಗೆ.